ಪ್ಯಾನೆಲ್‌ಗಿಂತ ಮೊದಲು ಪಶ್ಚಿಮದ ಕಿಟಕಿ: ನೆಟ್ ಝೀರೋ ಅಪಾರ್ಟ್‌ಮೆಂಟ್ ಕಟ್ಟಿದ ನನ್ನ ಅನುಭವ

ನಾನು ಆರ್ಕಿಟೆಕ್ಟ್. ಬೆಂಗಳೂರಲ್ಲಿ ಎಂಟು ಮನೆಗಳ ಒಂದು ಅಪಾರ್ಟ್‌ಮೆಂಟನ್ನು ನೆಟ್ ಝೀರೋ ಲೆಕ್ಕ ಇಟ್ಟುಕೊಂಡೇ ಕಟ್ಟಿದೆವು. ವರ್ಷಕ್ಕೆ ಎಷ್ಟು ಕರೆಂಟ್ ಖರ್ಚಾಗುತ್ತೋ ಅಷ್ಟನ್ನೂ ಅದೇ ತಾರಸಿ ಮೇಲೆ ಹುಟ್ಟಿಸಬೇಕು, ಅದು ಗುರಿ.

ಮಾಲೀಕರು ಮೊದಲ ದಿನವೇ ಕೇಳಿದರು, "ಮೇಡಮ್, ಸೋಲಾರ್ ಪ್ಯಾನೆಲ್ ಜಾಸ್ತಿ ಹಾಕಿಬಿಟ್ರೆ ಆಯ್ತಲ್ವಾ?" ಆಗಲ್ಲ. ಒಂದು ಕಿಲೋವ್ಯಾಟ್ ಪ್ಯಾನೆಲ್ ನಮ್ಮೂರ ಬಿಸಿಲಿಗೆ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ, ಅದಕ್ಕೆ ಹತ್ತಿರ ಹತ್ತಿರ 100 ಚದರ ಅಡಿ ಜಾಗ ಬೇಕು. ಮನೆಗೆ ತಿಂಗಳಿಗೆ 200 ಯೂನಿಟ್ ಅಂತ ಹಿಡಿದರೆ ಎಂಟು ಮನೆಗೇ ವರ್ಷಕ್ಕೆ 19,200. ಲಿಫ್ಟು, ಪಂಪು, ಮೆಟ್ಟಿಲ ದೀಪ ಬೇರೆ. ತಾರಸಿಯಲ್ಲಿ ನೀರಿನ ಟ್ಯಾಂಕು, ಲಿಫ್ಟ್ ರೂಮು, ಬಿಸಿನೀರಿನ ಸೋಲಾರ್, ಬಟ್ಟೆ ಒಣಗಿಸೋ ಜಾಗ ಎಲ್ಲ ಕಳೆದ ಮೇಲೆ ಉಳಿಯೋದು ಎಷ್ಟು ಹೇಳಿ. ಅದಕ್ಕೇ ಮೊದಲು ಖರ್ಚು ಇಳಿಸಬೇಕು, ಖರ್ಚು ಇಳಿಸೋ ಕೆಲಸ ನಕ್ಷೆಯಲ್ಲೇ ಶುರುವಾಗಬೇಕು.

ಇಲ್ಲಿ ನನಗೆ ನಿಜವಾಗಿ ಕೈಹಿಡಿದದ್ದು ಇಕೋ ನಿವಾಸ್ ಸಂಹಿತಾ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ 2018ರ ಡಿಸೆಂಬರ್‌ನಲ್ಲಿ ತಂದ, ವಸತಿ ಕಟ್ಟಡಗಳ ಕೋಡ್ ಅದು. 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟ್‌ಗಳಿಗೆ ಅಂತ ಬರೆದದ್ದು, ಆದರೆ 30x40 ಅಡಿ ಸೈಟಿನ ಮನೆಗೂ ಇದೇ ಲೆಕ್ಕ ಧಾರಾಳವಾಗಿ ಹಾಕಬಹುದು. ಗೋಡೆ, ಕಿಟಕಿಯಿಂದ ಒಳಗೆ ಬರೋ ಶಾಖಕ್ಕೆ ಆರ್‌ಇಟಿವಿ ಅನ್ನೋ ಒಂದು ಅಂಕಿ, ಗೋಡೆ ಕಿಟಕಿ ಎಲ್ಲ ಸೇರಿದ ಸರಾಸರಿ ಅದು, ಚದರ ಮೀಟರಿಗೆ 15 ವ್ಯಾಟ್ ದಾಟಬಾರದು. ಛಾವಣಿಯ ಯು-ವ್ಯಾಲ್ಯೂ, ಅಂದರೆ ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಅನ್ನೋ ಅಂಕಿ, 1.2 ಮೀರಬಾರದು. ಕಿಟಕಿಗಳಲ್ಲಿ ತೆರೆಯುವ ಭಾಗ, ಬೆಂಗಳೂರಿನಂಥ ಹವೆಗೆ, ನೆಲದ ವಿಸ್ತೀರ್ಣದ ಶೇ. 12.5 ಆದರೂ ಇರಬೇಕು.

ಆರ್‌ಇಟಿವಿ ಸೂತ್ರಕ್ಕೆ ನಮ್ಮ ನಕ್ಷೆ ಹಾಕಿ ನೋಡಿದೆ. ಪಶ್ಚಿಮಕ್ಕೆ ಮುಖ ಮಾಡಿದ ಒಂದು ಚದರ ಮೀಟರ್ ಸಾದಾ ಗಾಜು, ನೆರಳಿಲ್ಲದಿದ್ದರೆ, ಬಿಸಿಲಿನ ಲೆಕ್ಕಕ್ಕೇ ಸುಮಾರು 59 ವ್ಯಾಟ್ ಸೇರಿಸುತ್ತದೆ. ಅದೇ ಗಾಜು ಉತ್ತರಕ್ಕಿದ್ದರೆ 34ರ ಹತ್ತಿರ. ಪಶ್ಚಿಮದ ಸಾಲಿಡ್ ಬ್ಲಾಕ್ ಗೋಡೆ ಅಷ್ಟೇ ಜಾಗಕ್ಕೆ 11, ಒಳಗೆ ಗಾಳಿಗುಳ್ಳೆ ಇರೋ ಹಗುರ ಎಎಸಿ ಬ್ಲಾಕ್ ಆದರೆ ಬರೀ 3. ಇಷ್ಟು ಕಂಡ ಮೇಲೆ ತೀರ್ಮಾನಕ್ಕೆ ಹೊತ್ತು ಹಿಡಿಯಲಿಲ್ಲ. ಬೆಡ್‌ರೂಮಿನ ದೊಡ್ಡ ಕಿಟಕಿಗಳು ಉತ್ತರಕ್ಕೆ ಹೋದವು, ಪಶ್ಚಿಮಕ್ಕೆ ಮೆಟ್ಟಿಲು ಮತ್ತು ಬಾತ್‌ರೂಮುಗಳು ಬಂದವು, ಗೋಡೆಗೆ ಎಎಸಿ. ಪಶ್ಚಿಮದಲ್ಲಿ ಉಳಿದ ಎರಡು ಮೂರು ಕಿಟಕಿಗೆ ಸಜ್ಜಾ ಒಂದೇ ಸಾಲದು, ಸಂಜೆ ಬಿಸಿಲು ಓರೆಯಾಗಿ ಬಂದು ಸಜ್ಜಾ ಕೆಳಗಿಂದಲೇ ನುಗ್ಗುತ್ತದೆ. ಅಲ್ಲಿ ಗಾಜಿನ ಹೊರಗಡೆಯೇ ಮುಚ್ಚುವ ರೆಕ್ಕೆ ಬಾಗಿಲು (ಶಟರ್) ಹಾಕಿಸಿದೆ. ಮೇಸ್ತ್ರಿಗೆ ಇದು ಹಳೇ ಮನೆ ಕೆಲಸ ಅನ್ನಿಸಿತು. ಹೌದು, ಹಳೇ ಮನೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಛಾವಣಿ ಸುಲಭ. ಬರೀ ಆರ್‌ಸಿಸಿಯ ಯು-ವ್ಯಾಲ್ಯೂ 3 ದಾಟುತ್ತದೆ, ಮೇಲೆ ಶಾಖ ತಡೆಯುವ 40 ಮಿ.ಮೀ. ಎಕ್ಸ್‌ಪಿಎಸ್ ಫೋಮ್ ಹಲಗೆ ಹಾಸಿದರೆ 0.6ಕ್ಕೆ ಇಳಿಯುತ್ತದೆ. ಮೇಲಂತಸ್ತಿನವರು ಏಪ್ರಿಲ್‌ನಲ್ಲಿ ಎಸಿ ಅಂಗಡಿ ಕಡೆ ಹೋಗದಿರಲಿ ಅಂದ್ರೆ ಈ ದುಡ್ಡು ಉಳಿಸಬೇಡಿ.

ಫ್ಯಾನ್ ವಿಷಯಕ್ಕೆ ಮಾಲೀಕರ ಜತೆ ಸ್ವಲ್ಪ ಎಳೆದಾಟ ಆಯಿತು. ಸಾದಾ ಫ್ಯಾನ್ 75 ವ್ಯಾಟ್, ಕರೆಂಟ್ ಕಡಿಮೆ ತಿನ್ನೋ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ 30 ವ್ಯಾಟ್. ಎಂಟು ಮನೆಗೆ 32 ಫ್ಯಾನ್, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಓಡಿದರೆ 3,456 ಯೂನಿಟ್ ಉಳಿತಾಯ. ಎರಡೂವರೆ ಕಿಲೋವ್ಯಾಟ್ ಪ್ಯಾನೆಲ್ಲೇ ಬೇಡವಾಯಿತು ಅಂತ ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಒಪ್ಪಿದರು.

ಪ್ಯಾನೆಲ್ ಹಾಕೋರು ಕೊನೆಗೆ ಬರ್ತಾರೆ, ಆದರೆ ಅವರ ಜಾಗ ಮೊದಲೇ ಗೊತ್ತಾಗಿರಬೇಕು. ಟ್ಯಾಂಕು, ಲಿಫ್ಟ್ ರೂಮನ್ನು ತಾರಸಿಯ ಉತ್ತರದ ಅಂಚಿಗೆ ತಳ್ಳಿ. ನಮ್ಮಲ್ಲಿ ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಟ್ಯಾಂಕ್ ದಕ್ಷಿಣಕ್ಕಿದ್ದರೆ ನೆರಳು ನೇರ ಪ್ಯಾನೆಲ್ ಮೇಲೆ. ಮೀಟರ್ ಬೋರ್ಡ್‌ವರೆಗೆ ಪ್ಯಾನೆಲ್ ವೈರಿನ ಪೈಪನ್ನು ಸ್ಲ್ಯಾಬ್ ಹಾಕುವಾಗಲೇ ಹಾಕಿಸಿ.

ಈಗ ಅಲ್ಲಿ ಚರ್ಚೆ ನಡೀತಿರೋದು ಎಲೆಕ್ಟ್ರಿಕ್ ಕಾರಿನದು. ವರ್ಷಕ್ಕೆ 10,000 ಕಿ.ಮೀ. ಓಡಿಸೋ ಒಂದು ಕಾರಿಗೆ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಪ್ಯಾನೆಲ್ಲಿನ ಕರೆಂಟ್ ಪೂರ್ತಿ ಬೇಕು. ನೀವು ಹೊಸದಾಗಿ ಕಟ್ಟಿಸ್ತಿದ್ದರೆ ಪ್ರತಿ ಪಾರ್ಕಿಂಗ್ ಜಾಗಕ್ಕೂ ಚಾರ್ಜರ್ ವೈರಿಗೆ ಒಂದು ಖಾಲಿ ಪೈಪ್ ಬಿಟ್ಟಿರಿ, ತಾರಸಿಯ ಲೆಕ್ಕದಲ್ಲಿ ಆ ಕಾರುಗಳನ್ನೂ ಈಗಲೇ ಸೇರಿಸಿಕೊಳ್ಳಿ.