ಹಿಂಬರಹ ಬಂತು ಅಂತ ಕೈಬಿಡಬೇಡಿ

ನಾನು ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕ. ಒಂದು ಕಾಲಿಗೆ ಪೋಲಿಯೊ, ಊರುಗೋಲು ಹಿಡಿದೇ ಓಡಾಟ. ನಮ್ಮ ಶಾಖೆಯನ್ನು ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಗೆ ಹಾಕಿದರು. ನನ್ನ ಮೇಜು ಕೆಳಗೆ ಹಾಕಿಕೊಡಿ ಅಂತ ಕೇಳಿದೆ. ಆಗಲಿಲ್ಲ. ಕಚೇರಿಯ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಕೊಟ್ಟೆ. ಬಂದದ್ದು ಒಂದೇ ಸಾಲಿನ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ: 'ನೆಲಮಹಡಿಯಲ್ಲಿ ಸ್ಥಳಾವಕಾಶ ಇಲ್ಲದ ಕಾರಣ ಮನವಿಯನ್ನು ಪುರಸ್ಕರಿಸಲು ಬರುವುದಿಲ್ಲ.'

ಸಿಟ್ಟಿನಲ್ಲಿ ನಾಲ್ಕು ಪುಟ ಮೇಲ್ಮನವಿ ಬರೆದೆ. ನಲವತ್ತೆರಡು ಮೆಟ್ಟಿಲು, ಭುಜದ ನೋವು, ಹತ್ತೊಂಬತ್ತು ವರ್ಷದ ಸೇವೆ, ಎಲ್ಲ ಇತ್ತು. ಆದರೆ ಮೆಟ್ಟಿಲು ಇಲ್ಲ ಅಂತ ಯಾರೂ ಹೇಳಿರಲಿಲ್ಲವಲ್ಲ! ಅವರು ಇಲ್ಲ ಅಂದಿದ್ದು ಜಾಗ. ಅದರ ಬಗ್ಗೆ ನಾನು ಒಂದಕ್ಷರ ಬರೆದಿರಲಿಲ್ಲ. ಹರಿದು ಹಾಕಿದೆ.

ಹಿಂಬರಹದಲ್ಲಿ ಕೊಟ್ಟ ಕಾರಣ ಯಾವುದೋ ಅದಕ್ಕೇ ಉತ್ತರ ಕೊಡಿ. ಉತ್ತರ ಇರುವುದು ಅವರದೇ ಕಡತದಲ್ಲಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮಾಹಿತಿ ಕೊಡಲು 30 ದಿನ ಗಡುವು. 'ಯಾಕೆ ಕೊಡಲಿಲ್ಲ' ಅಂತ ಕೇಳಬೇಡಿ. ಅಲ್ಲಿ ಸಿಗುವುದು ದಾಖಲೆ, ವಿವರಣೆ ಅಲ್ಲ. ನಾನು ಕೇಳಿದ್ದು ಮೂರು: ನನ್ನ ದೂರಿನ ಮೇಲೆ ಅಧಿಕಾರಿಗಳು ಬರೆದ ಟಿಪ್ಪಣಿ ಹಾಳೆ, ದೂರುಗಳ ರಿಜಿಸ್ಟರಿನ ಆ ಪುಟ, ನೆಲಮಹಡಿಯ ಯಾವ ಕೊಠಡಿ ಯಾವುದಕ್ಕೆ ಬಳಕೆ ಅನ್ನುವ ಪಟ್ಟಿ. ಮೂರನೇ ಕೊಠಡಿಯಲ್ಲಿ ಇದ್ದದ್ದು ಹಳೇ ಕಡತ ಮತ್ತು ಮುರಿದ ಕುರ್ಚಿಗಳು.

ಕಾನೂನು ಇಷ್ಟು ಗೊತ್ತಿದ್ದರೆ ಸಾಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ ಸರ್ಕಾರಿ ಕಚೇರಿ ತನ್ನ ನೌಕರರಿಗೆ ಇಂಥ ಅನುಕೂಲ ಮಾಡಿಕೊಡಲೇಬೇಕು. ಅತಿಯಾದ ಹೊರೆ ಆಗಬಾರದು ಅನ್ನುವ ಮಿತಿ ಇದೆ. ಹಾಗಾಗಿ 'ಹೊರೆ' ಅಂದರೆ ಎಷ್ಟು, ಲೆಕ್ಕ ತೋರಿಸಿ ಅಂತ ಬರೆದು ಕೇಳಿ. 23ನೇ ಕಲಂ ಪ್ರಕಾರ ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ಸಮಾಧಾನ ಆಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ರಾಜ್ಯ ಸರ್ಕಾರದ ಕಚೇರಿಯಾದರೆ ರಾಜ್ಯ ಆಯುಕ್ತರಿಗೆ, ಕೇಂದ್ರದ್ದಾದರೆ ಮುಖ್ಯ ಆಯುಕ್ತರಿಗೆ ದೂರು ಕೊಡುವ ದಾರಿಯೂ ಇದೆ. ಆಯುಕ್ತರು ಮಾಡುವುದು ಶಿಫಾರಸು. ಅದನ್ನು ಒಪ್ಪದಿದ್ದರೆ ಇಲಾಖೆ ಮೂರು ತಿಂಗಳೊಳಗೆ ಕಾರಣ ತಿಳಿಸಬೇಕು, ನಿಮಗೂ ಕೂಡ. ಶೇ. 40ಕ್ಕಿಂತ ಕಡಿಮೆ ಅಂಗವೈಕಲ್ಯ ಅಂತ ತಳ್ಳಿಹಾಕಿದ್ದರೆ, ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಕೊಟ್ಟ ತೀರ್ಪು ಲಗತ್ತಿಸಿ. ಇಂಥ ಅನುಕೂಲಕ್ಕೆ ಆ 40ರ ಗೆರೆ ಇಲ್ಲ ಅಂತ ಅದರಲ್ಲಿದೆ.

ಮೇಲ್ಮನವಿ ಒಂದೇ ಹಾಳೆ ಇರಲಿ. ಕೊನೆಯಲ್ಲಿ 'ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ' ಅಂತ ಮಾತ್ರ ಬರೆಯಬೇಡಿ. ನಾನೂ ಗುಮಾಸ್ತನೇ, ಅಂಥ ಅರ್ಜಿಯನ್ನು ಎಷ್ಟು ಸಲೀಸಾಗಿ ವಿಲೇವಾರಿ ಮಾಡಬಹುದು ಅಂತ ಗೊತ್ತು. ನಾನು ಬರೆದದ್ದು: 'ಕೊಠಡಿ 3ರಲ್ಲಿ ನನ್ನ ಮೇಜು ಹಾಕಿಸಿಕೊಡಿ.'

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಟಪಾಲು ಶಾಖೆಯ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. 'ಬಿಡಿ ಸಾರ್, ನೀವು ನಮ್ಮವರೇ ಅಲ್ವಾ' ಅಂದರೂ ಬಿಡಬೇಡಿ.

ವಿಚಾರಣೆಯ ನೋಟಿಸು ಬಂದ ವಾರವೇ ಮುರಿದ ಕುರ್ಚಿಗಳು ಗುಜರಿಗೆ ಹೋದವು. ಈಗ ಕೊಠಡಿ 3ರಲ್ಲೇ ಕೂತಿದ್ದೇನೆ. ಶೌಚಾಲಯ ಮಾತ್ರ ಇನ್ನೂ ಮೇಲಿದೆ. ಅದರ ಅರ್ಜಿಗೆ ಮೊನ್ನೆ ಸೀಲು ಬಿತ್ತು.