ಹಳೇ ವಿಂಟೇಜ್ ಪೋರ್ಟ್ ಬಾಟ್ಲಿ ಕಲಬುರಗಿ ಬಿಸಿಲಾಗ ತೆಗೀಬೇಕಂದ್ರ

ನಮ್ಮ ಅಣ್ಣ ಹುಟ್ಟಿದ್ದು 1994ರಾಗ, ಅದೇ ವರ್ಷದ ವಿಂಟೇಜ್ ಪೋರ್ಟ್ ಅನ್ನೋ ಸಿಹಿ ವೈನಿನ ಬಾಟ್ಲಿ ಒಂದು ಕಾಕಾ ಪೋರ್ಚುಗಲ್‌ನಿಂದ ತಂದಿಟ್ಟಿದ್ರು, 30 ತುಂಬಿದ ದಿನಾನೇ ತೆಗೀಬೇಕಂತ. ಅದಕ್ಕಿಂತ ಮೊದಲು ಒಂದು ಹಳೇ ಬಾಟ್ಲಿ ನಾವು ಗೊತ್ತಿಲ್ದ ಕೆಡಿಸಿದ್ವಿ, ಕೊನೀ ಮೂರು ಗ್ಲಾಸಿನಾಗ ಬರೀ ರಾಡಿ. ಅದಕ್ಕ ಈ ಸಲ ಎಲ್ಲಾ ತಿಳ್ಕೊಂಡು ಮಾಡಿದ್ವಿ, ನಿಮಗೂ ಇಂಥಾ ಬಾಟ್ಲಿ ಕೈಗೆ ಬಂದ್ರ ಅವಸರ ಮಾಡಬ್ಯಾಡ್ರಿ.

ಮೊದಲು ಒಂದು ಮಾತು, ಇಲ್ಲಿ ವೈನ್ ಶಾಪಿನಾಗ ಪೋರ್ಟ್ ಅಂತ ಸಿಗೋ ಅಗ್ಗದ ಸಿಹಿ ವೈನೇ ಬ್ಯಾರೆ, ಇದೇ ಬ್ಯಾರೆ. ಇದರ ದ್ರಾಕ್ಷಿ ಪೋರ್ಚುಗಲ್‌ನ ಡೌರೋ ನದಿ ಕಣಿವ್ಯಾಗ ಬೆಳೀತದ. ರಸ ಹುಳಿಯೋದು ಅರ್ಧಕ್ಕ ಬಂದಾಗ 77 ಪರ್ಸೆಂಟಿನ ದ್ರಾಕ್ಷಿ ಸ್ಪಿರಿಟ್ ಹಾಕ್ತಾರ, ಈಸ್ಟ್ ಸಾಯ್ತದ, ಸಕ್ಕರಿ ಹಂಗೇ ಉಳೀತದ, ಅದಕ್ಕೇ ಇದು ಸಿಹಿನೂ ಹೌದು, 20 ಪರ್ಸೆಂಟ್ ಆಲ್ಕೋಹಾಲೂ ಹೌದು. ಬೆಳಿ ಭಾಳ ಚಲೋ ಬಂದ ವರ್ಷ ಮಾತ್ರ ವಿಂಟೇಜ್ ಅಂತಾರ, 10 ವರ್ಷದಾಗ ಸುಮಾರು ಮೂರು ಸಲ, 1994 ಅಂಥಾದೊಂದು ವರ್ಷ. ಎರಡ್ಮೂರು ವರ್ಷ ಕಟ್ಟಿಗಿ ಪೀಪಾಯಿನಾಗ ಇಟ್ಟು ಸೋಸದೇ ಬಾಟ್ಲಿಗೆ ತುಂಬ್ತಾರ, ಮುಂದ ಅದು ಮಾಗೋದೆಲ್ಲಾ ಬಾಟ್ಲ್ಯಾಗೇ. ತುಪ್ಪ ಕಾಸಿದ್ರ ತಳದಾಗ ಕೂಡ್ತದಲ್ಲ, ಹಂಗ ಇದ್ರಾಗೂ ಗಸಿ ಕೂಡ್ತದ. ಗಸಿ ಇದ್ರ ವೈನ್ ಕೆಟ್ಟದಂತ ತಿಳೀಬ್ಯಾಡ್ರಿ.

ಎರಡು ದಿನ ಮೊದಲೇ ಬಾಟ್ಲಿ ನೆಟ್ಟಗ ನಿಂದ್ರಿಸ್ರಿ. ಎಲ್ಲಿ ಅಂದ್ರ ಫ್ರಿಜ್ಜಿನ ಕೆಳಗಿನ ಹಲಗಿ ಮ್ಯಾಲೆ, ಬಾಗ್ಲದಾಗ ಬ್ಯಾಡ, ತೆಗದು ಹಾಕಿದಾಗೊಮ್ಮೆ ಅಲುಗಾಡಿ ಗಸಿ ಮತ್ತ ಮ್ಯಾಲೆ ಏಳ್ತದ. ಪುಸ್ತಕದಾಗ ರೂಮ್ ಟೆಂಪರೇಚರ್ ಅಂತ ಬರದಿರ್ತಾರ, ಅದು ಅವರ ಥಂಡಿ ದೇಶದ ರೂಮ್, ಮೇ ತಿಂಗಳಾಗ ನಮ್ಮಲ್ಲಿ 42 ಡಿಗ್ರಿ ಇರೋ ಮನ್ಯಾಗ ಕುಡದ್ರ ಬರೀ ಸ್ಪಿರಿಟ್ ಮೂಗಿಗೆ ಹೊಡೀತದ. ಕುಡಿಯೋವಾಗ 16ರಿಂದ 18 ಡಿಗ್ರಿ ಬೇಕು.

ಹಳೇ ಬೂಚ ಮೆತ್ತಗಾಗಿರ್ತದ, ಸ್ಕ್ರೂ ಪೂರ್ತಿ ಒಳಗ ಇಳಿಸಿ ಸಾವಕಾಶ ಎಳೀರಿ. ನಮ್ಮದು ಅರ್ಧಕ್ಕ ಮುರೀತು, ಏನೂ ಆಗಲ್ಲ, ತೊಳದು ಒಣಗಿಸಿದ ಸೋಪಿನ ವಾಸ್ನಿ ಇಲ್ಲದ ಮಲ್ಮಲ್ ಬಟ್ಟ್ಯಾಗ ಸೋಸಿದ್ವಿ. ಬಾಟ್ಲಿ ಕುತ್ತಿಗಿ ಹಿಂದ ಮೊಬೈಲ್ ಟಾರ್ಚ್ ಹಚ್ಚಿ ಇಟ್ಟು, ಒಂದೇ ಧಾರಿ ಗಾಜಿನ ಜಗ್ಗಿಗೆ ಬಗ್ಗಿಸ್ರಿ, ನಡಕ ನಿಲ್ಲಿಸಿ ಮತ್ತ ಎತ್ತಬ್ಯಾಡ್ರಿ. ಕುತ್ತಿಗಿಗೆ ಕರೀ ಗಸಿ ಬಂದಿದ್ದು ಕಂಡ ಕೂಡ್ಲೇ ಬಿಟ್ಟುಬಿಡ್ರಿ, ತಳದಾಗ ಎರಡು ಬೆರಳಷ್ಟು ಉಳದ್ರ ಉಳೀಲಿ. ಮತ್ತ ಮನ್ಯಾಗ ಬೀದರಿ ಸುರಾಯಿ ಎಷ್ಟೇ ಚಂದ ಇದ್ರೂ ಅದ್ರಾಗ ಹಾಕಬ್ಯಾಡ್ರಿ, ಅದು ಸತು ತಾಮ್ರದ ಮಿಶ್ರಣ, ವೈನಿನ ಹುಳಿ ಸತುವಿಗೆ ಹತ್ತಿದ್ರ ಎರಡೂ ಕೆಡ್ತಾವ. ಸುರಾಯಿ ಟೇಬಲ್ ಮ್ಯಾಲೆ ಅಲಂಕಾರಕ್ಕ ಇರ್ಲಿ.

ಇದನ್ನೆಲ್ಲಾ ಕುಡಿಯೋಕ್ಕಿಂತ ಎರಡು ತಾಸು ಮೊದಲು ಮಾಡ್ರಿ, 50 ವರ್ಷದ ಬಾಟ್ಲಿ ಇದ್ರ ಒಂದು ತಾಸು ಸಾಕು. ಬಡಿಸೋ 20 ನಿಮಿಷ ಮೊದಲು ಜಗ್ ಮುಚ್ಚಿ ಫ್ರಿಜ್ಜಿನಾಗ ಇಡ್ರಿ.

ಊಟದ ಮ್ಯಾಲೆ ಕುಡಿಯೋದಿದು, ಆದ್ರ ಖಾರ ತಿಂದ ಬಾಯಿಗೆ ಏನೂ ತಿಳಿಯಂಗಿಲ್ಲ. ಅವತ್ತು ಅವ್ವ ರೊಟ್ಟಿ, ಪುಂಡಿ ಪಲ್ಯಾ, ಕೆಂಪು ಚಟ್ನಿ ಮಾಡಿದ್ಲು, ಊಟ ಆದ ಮ್ಯಾಲೆ ಅರ್ಧ ತಾಸು ನೀರು ಕುಡಕೋತ ಕೂತ್ವಿ. ಆಮ್ಯಾಲೆ ಸಣ್ಣ ವೈನ್ ಗ್ಲಾಸಿಗೆ 60 ಎಂಎಲ್, ಐಸ್ ಇಲ್ಲ, ಸೋಡಾ ಇಲ್ಲ. ಬಿಳಿ ಹಾಳಿ ಮುಂದ ಹಿಡದು ಓರೆ ಮಾಡಿದ್ರ ಅಂಚಿನಾಗ ಇಟ್ಟಂಗಿ ಬಣ್ಣ ಕಾಣ್ತದ, ಅದು ವಯಸ್ಸಿನ ಗುರ್ತು. ಮೂಗಿಗೆ ಒಣ ಅಂಜೂರ, ಮನುಕ, ಲವಂಗ ಬಂದ್ವು, ಮದಿವಿ ಮನಿ ಡ್ರೈಫ್ರೂಟ್ ಡಬ್ಬಿ ತೆರದಂಗ. ಒಂದು ಗುಟುಕು ನಾಲಿಗಿ ಮ್ಯಾಲೆ ಆಡಿಸಿ ನುಂಗಿ ಸುಮ್ನ ಕೂಡ್ರಿ, ರುಚಿ ಒಂದು ನಿಮಿಷ ಬಾಯಾಗ ಇರ್ತದ, ನನಗಂತೂ ಅದೇ ಎಲ್ಲಕ್ಕಿಂತ ಸೇರಿದ್ದು.

ಜೋಡಿಗೆ ಅಕ್ರೋಟ್, ಉಪ್ಪು ಚೀಸ್, ಡಾರ್ಕ್ ಚಾಕ್ಲೇಟ್ ಚಲೋ. ನಮ್ಮ ಮಾಲ್ಪುರಿ ನನಗೆ ಜೀವ, ಆದ್ರ ಇದರ ಜೊತಿ ಬ್ಯಾಡ, ವೈನಿಗಿಂತ ಸಿಹಿ ತಿಂದ್ರ ವೈನ್ ಹುಳಿ ಅನಸ್ತದ. ಒಂದು ಲೀಟರಿನಾಗ 100 ಗ್ರಾಂ ಹತ್ರ ಸಕ್ಕರಿ ಇರ್ತದ, ಶುಗರ್ ಇದ್ದವರು ನೋಡ್ಕೋರಿ. ಗಾಡಿ ಓಡಿಸೋರಿಗೆ ಕೊಡಲೇಬ್ಯಾಡ್ರಿ.

ತೆಗದ ದಿನಾನೇ ಖಾಲಿ ಮಾಡಬೇಕು, ಅದಕ್ಕ ಎಂಟ್ಹತ್ತು ಮಂದಿ ಕರೀರಿ. ವಾರಗಟ್ಟಲೆ ಇಟ್ಟು ಸ್ವಲ್ಪ ಸ್ವಲ್ಪ ಕುಡೀಬೇಕಂದ್ರ ಟಾನಿ ಪೋರ್ಟ್ ತರ್ರಿ, ಅದು ಪೀಪಾಯಿನಾಗೇ ಗಾಳಿ ಕುಡದು ಬೆಳದಿರ್ತದ. ನಾವು ಜಗ್ಗಿನಾಗ ಒಂದು ಗ್ಲಾಸ್ ಉಳಿಸಿ ಮರುದಿನ ಸಂಜಿಗೆ ಅಣ್ಣಗ ಕೊಟ್ವಿ, ಅಂಜೂರದ ವಾಸ್ನಿ ಅರ್ಧ ಹೋಗಿಬಿಟ್ಟಿತ್ತು.