ಇಪ್ಪತ್ತು ನಿಮಿಷಕ್ಕೆ 45 ಡಾಲರ್: ಮಗಳ ಫೆನ್ಸಿಂಗ್ ಲೆಕ್ಕದ ಪುಸ್ತಕ

ಶಿವಮೊಗ್ಗದಲ್ಲಿ ನಾನು ಸಂಗೀತ ಕಲಿಯುತ್ತಿದ್ದಾಗ ತಿಂಗಳ ಮೊದಲ ವಾರ ಅಮ್ಮ ಒಂದು ಕವರ್ ಕೊಟ್ಟು ಕಳಿಸುತ್ತಿದ್ದಳು. ಅದನ್ನು ಶ್ರುತಿಪೆಟ್ಟಿಗೆಯ ಪಕ್ಕ ಇಟ್ಟು, ಮೇಷ್ಟ್ರಿಗೆ ನಮಸ್ಕಾರ ಮಾಡಿ ಕೂರಬೇಕು. ಎಷ್ಟು ಕ್ಲಾಸ್ ಆಯಿತು, ಎಷ್ಟು ತಪ್ಪಿತು ಅಂತ ಯಾವತ್ತೂ ಮಾತು ಬರುತ್ತಿರಲಿಲ್ಲ. ಗುರುಗಳ ಹತ್ತಿರ ದುಡ್ಡಿನ ಮಾತಾಡುವುದೇ ತಪ್ಪು ಅನ್ನೋ ಮನೆ ನಮ್ಮದು. ಅದೇ ಸಂಕೋಚ ಇಟ್ಟುಕೊಂಡು ಇಲ್ಲಿ ನ್ಯೂಜೆರ್ಸಿಯಲ್ಲಿ ಮಗಳನ್ನು ಫೆನ್ಸಿಂಗ್ (ಕತ್ತಿವರಸೆ ಆಟ) ಕ್ಲಬ್‌ಗೆ ಸೇರಿಸಿದೆ. ಮೊದಲ ವರ್ಷವೇ 440 ಡಾಲರ್ ಕಳೆದುಕೊಂಡೆ.

ಆಗ ಅವಳಿಗೆ ಒಂಬತ್ತು ವರ್ಷ. ಕ್ಲಬ್‌ನಲ್ಲಿ ಗುಂಪಿನ ಕ್ಲಾಸ್ ಬೇರೆ, ಪ್ರೈವೇಟ್ ಲೆಸನ್ ಬೇರೆ. ಗುಂಪಿನ ಕ್ಲಾಸಿಗೆ ತಿಂಗಳ ಫೀಸ್ ಇರುತ್ತದೆ. ಮಕ್ಕಳು ಹೆಜ್ಜೆ ಕಲಿಯುತ್ತಾರೆ, ಒಬ್ಬರ ಜೊತೆ ಒಬ್ಬರು ಆಡುತ್ತಾರೆ. ಪ್ರೈವೇಟ್ ಲೆಸನ್ ಅಂದರೆ ಕೋಚ್ ಎದುರಿಗೆ ನಿಂತು 20 ನಿಮಿಷ. ಕೋಚ್ ದಪ್ಪ ಚರ್ಮದ ಜಾಕೆಟ್ ಹಾಕಿಕೊಂಡು ನಿಲ್ಲುತ್ತಾರೆ. ಮಗಳು ಆಡುವುದು ಎಪೇ ಅನ್ನೋ ಕತ್ತಿಯಲ್ಲಿ. ಅದರಲ್ಲಿ ತಲೆಯಿಂದ ಕಾಲಿನ ತುದಿವರೆಗೆ ಎಲ್ಲಿ ಚುಚ್ಚಿದರೂ ಪಾಯಿಂಟ್. ಹಾಗಾಗಿ ಕೋಚ್ ತಮ್ಮ ಮಣಿಕಟ್ಟನ್ನು ಒಂದಿಷ್ಟು ತೆರೆದು ತೋರಿಸುತ್ತಾರೆ, ಇವಳು ಚುಚ್ಚಬೇಕು. ಮತ್ತೆ ತೋರಿಸುತ್ತಾರೆ, ಮತ್ತೆ ಚುಚ್ಚಬೇಕು. ಇಪ್ಪತ್ತು ನಿಮಿಷ ಮುಗಿಯುವಷ್ಟರಲ್ಲಿ ಇಬ್ಬರ ಮಾಸ್ಕ್ ಒಳಗೂ ಬೆವರು. ಊರಿಂದ ಬಂದಿದ್ದಾಗ ಅಮ್ಮ ಒಂದು ದಿನ ಕೂತು ನೋಡಿದಳು. ಒಂದು ಲೆಸನ್‌ಗೆ 45 ಡಾಲರ್, ರೂಪಾಯಿಯಲ್ಲಿ ಹತ್ತಿರ ಹತ್ತಿರ ನಾಲ್ಕು ಸಾವಿರ ಅಂತ ಕೇಳಿ ಮೊದಲು ಹೌಹಾರಿದ್ದವಳು, ಆಮೇಲೆ ‘ಅಷ್ಟೊಂದು ಏಟು ತಿಂತಾರಲ್ಲೇ, ಪಾಪ’ ಅಂದಳು.

ಈಗ 440 ಡಾಲರ್ ಕಥೆ. ಮೊದಲ ಕ್ಲಬ್‌ನಲ್ಲಿ ಲೆಸನ್‌ಗಳನ್ನು ಪ್ಯಾಕೇಜ್ ಲೆಕ್ಕದಲ್ಲಿ ಮಾರುತ್ತಿದ್ದರು. ಬಿಡಿಯಾಗಿ 45, ಇಪ್ಪತ್ತು ಒಟ್ಟಿಗೆ ತಗೊಂಡರೆ ಒಂದಕ್ಕೆ 40. ನೂರು ಡಾಲರ್ ಉಳಿತಾಯ ಅಂತ 800 ಕಟ್ಟಿಬಿಟ್ಟೆ. ಒಂಬತ್ತು ಲೆಸನ್ ಆದಮೇಲೆ ಕೋಚ್ ಕೆಲಸ ಬಿಟ್ಟು ಬೇರೆ ರಾಜ್ಯಕ್ಕೆ ಹೋದರು. ಮಿಕ್ಕ ಹನ್ನೊಂದರ ದುಡ್ಡು ವಾಪಸ್ ಕೇಳಿದೆ. ‘ವಾಪಸ್ ಇಲ್ಲ, ಇನ್ನೊಬ್ಬ ಕೋಚ್ ಹತ್ತಿರ ಲೆಸನ್ ತಗೊಳ್ಳಿ’ ಅಂದರು. ಆ ಇನ್ನೊಬ್ಬರು ಸೇಬರ್ ಅನ್ನೋ ಬೇರೆಯೇ ಕತ್ತಿಯ ಕೋಚ್. ಸೇಬರ್‌ನಲ್ಲಿ ಚುಚ್ಚುವುದರ ಜೊತೆಗೆ ಕಡಿಯುವುದೂ ಉಂಟು, ಸೊಂಟದಿಂದ ಮೇಲೆ ಮಾತ್ರ ಪಾಯಿಂಟ್. ವೀಣೆ ಕಲಿಯುವವಳನ್ನು ಮೃದಂಗದ ಮೇಷ್ಟ್ರ ಹತ್ತಿರ ಕಳಿಸಿದ ಹಾಗೆ. ನಾನು ಸಹಿ ಹಾಕಿದ ಕಾಗದದಲ್ಲಿ ಅದೆಲ್ಲ ಬರೆದೇ ಇತ್ತು. ಓದಿರಲಿಲ್ಲ, ಅಷ್ಟೇ.

ಎರಡನೇ ಕ್ಲಬ್‌ಗೆ ಹೋದಾಗ ನಾಚಿಕೆ ಬಿಟ್ಟು ಮೊದಲ ದಿನವೇ ಕೇಳಿದೆ: ಲೆಸನ್ ದುಡ್ಡು ಯಾರಿಗೆ ಹೋಗುತ್ತದೆ? ಕೋಚ್ ನಗುತ್ತಲೇ ಬಿಡಿಸಿ ಹೇಳಿದರು. ಇಲ್ಲಿ ನಾವು ಕೋಚ್‌ಗೇ ನೇರವಾಗಿ 45 ಕೊಡುತ್ತೇವೆ. ಅದರಲ್ಲಿ 10 ಡಾಲರನ್ನು ಅವರು ಫ್ಲೋರ್ ಫೀ ಅಂತ ಕ್ಲಬ್‌ಗೆ ಕಟ್ಟುತ್ತಾರೆ. ಜಾಗದ ಬಾಡಿಗೆ, ಹೀಟಿಂಗ್, ಪಾಯಿಂಟ್ ತೋರಿಸುವ ಮೆಷಿನ್ ಎಲ್ಲ ಕ್ಲಬ್‌ನದು ತಾನೇ. ಇನ್ನು ಕೆಲವು ಕಡೆ ಕ್ಲಬ್ಬೇ ದುಡ್ಡು ತಗೊಂಡು ಕೋಚ್‌ಗೆ ಪಾಲು ಅಥವಾ ಸಂಬಳ ಕೊಡುತ್ತದೆ. ಎರಡೂ ಸರಿಯೇ. ಆದರೆ ದುಡ್ಡು ಯಾರ ಕೈಲಿದೆ ಅಂತ ಗೊತ್ತಿದ್ದರೆ, ಕೋಚ್ ಬಿಟ್ಟುಹೋದ ದಿನ ಯಾರ ಬಾಗಿಲು ತಟ್ಟಬೇಕು ಅಂತಲೂ ಗೊತ್ತಿರುತ್ತದೆ. ಪ್ಯಾಕೇಜ್ ಬೇಡ, ತಿಂಗಳ ಕೊನೆಗೆ ಆದಷ್ಟಕ್ಕೆ ಕೊಡುತ್ತೇನೆ ಅಂದೆ, ಒಪ್ಪಿದರು. ಮಂಗಳವಾರ, ಶುಕ್ರವಾರ ಸಂಜೆ 5:40ಕ್ಕೆ ಇವಳ ಹೊತ್ತು. ತಿಂಗಳಿಗೆ ಎಂಟು ಲೆಸನ್, 360 ಡಾಲರ್. ಗುಂಪಿನ ಕ್ಲಾಸಿಗೆ 220. ಒಟ್ಟು 580.

ಜಗಳ ಬರುವುದು ತಪ್ಪಿದ ಲೆಸನ್ ವಿಷಯಕ್ಕೆ. 24 ಗಂಟೆ ಮೊದಲು ಹೇಳದಿದ್ದರೆ ಪೂರ್ತಿ ದುಡ್ಡು ಕೊಡಬೇಕು. ಒಂದು ಜನವರಿ ಸಂಜೆ ಹಿಮ ಬಿದ್ದು ರೂಟ್ 1ರಲ್ಲಿ ಸಿಕ್ಕಿಹಾಕಿಕೊಂಡೆವು. ಮಗಳು ಹಿಂದಿನ ಸೀಟಿನಲ್ಲೇ ನಿಕ್ಕರ್, ಜಾಕೆಟ್ ಹಾಕಿಕೊಂಡು, ಕೈಗವಸು ಕಚ್ಚಿಕೊಂಡು ಕೂತಿದ್ದಳು. ಒಳಗೆ ಓಡಿದಾಗ 5:52. ಎಂಟು ನಿಮಿಷ ಸಿಕ್ಕಿತು. ಸರಿಯಾಗಿ ಆರಕ್ಕೆ ಮುಂದಿನ ಹುಡುಗ ಮಾಸ್ಕ್ ಹಿಡಿದು ಸ್ಟ್ರಿಪ್ (ಆಡುವ ಉದ್ದನೆಯ ಅಂಕಣ) ಪಕ್ಕ ಬಂದು ನಿಂತ. ಎಂಟು ನಿಮಿಷಕ್ಕೆ 45 ಡಾಲರ್! ಮನೆಗೆ ಬಂದು ಗಂಡನ ಹತ್ತಿರ ಗೊಣಗಿದೆ. ಅವರು ತಣ್ಣಗೆ, ‘ಡಾಕ್ಟರ್ ಅಪಾಯಿಂಟ್‌ಮೆಂಟ್ ತಪ್ಪಿಸಿದರೂ ಕೊಡ್ತೀಯ ಅಲ್ವಾ?’ ಅಂದರು. ನಿಜವೇ. ನಾವು ಬರದಿದ್ದರೂ ಕೋಚ್ ಆ 20 ನಿಮಿಷ ಅಲ್ಲೇ ನಿಂತಿರುತ್ತಾರೆ. ಆಮೇಲೆ ಒಂದು ಮಾತಾಯಿತು: ಕೋಚ್ ಟೂರ್ನಮೆಂಟ್‌ಗೆ ಹೋಗಿ ತಪ್ಪಿದರೆ ದುಡ್ಡಿಲ್ಲ, ಜ್ವರ ಬಂದರೆ ತಿಂಗಳಿಗೆ ಒಂದು ಮಾಫಿ, ಸ್ಕೂಲ್ ಪರೀಕ್ಷೆಗೆ ಮಾಫಿ ಇಲ್ಲ. ಎಲ್ಲ ಮೆಸೇಜ್‌ನಲ್ಲಿದೆ.

ಮೆಸೇಜ್ ಅಂದಾಗ ಇನ್ನೊಂದು ಹೇಳಬೇಕು. ಆಟ ಆಡುವ ಮಕ್ಕಳ ರಕ್ಷಣೆಗೆ ಅಂತ ಇರುವ ಅಮೆರಿಕದ ಸೇಫ್‌ಸ್ಪೋರ್ಟ್ ನಿಯಮದ ಪ್ರಕಾರ ಕೋಚ್ 18 ವರ್ಷದೊಳಗಿನ ಮಗುವಿಗೆ ಒಂಟಿಯಾಗಿ ಮೆಸೇಜ್ ಮಾಡುವಂತಿಲ್ಲ, ಅಪ್ಪ ಅಮ್ಮನೋ ಇನ್ನೊಬ್ಬ ದೊಡ್ಡವರೋ ಅದರಲ್ಲಿ ಇರಲೇಬೇಕು. ಲೆಸನ್ ಕೂಡ ಬೇರೆಯವರ ಕಣ್ಣಿಗೆ ಬೀಳುವ ಜಾಗದಲ್ಲೇ ನಡೆಯಬೇಕು. ಹಾಗಾಗಿ ದುಡ್ಡಿನ ಮಾತೆಲ್ಲ ನನ್ನ ಫೋನಿನಲ್ಲೇ. ಫೋನಿನಿಂದಲೇ ಬ್ಯಾಂಕಿಗೆ ದುಡ್ಡು ಹಾಕುವ ಝೆಲ್‌ನಲ್ಲಿ ಕಳಿಸುವಾಗ ಜೊತೆಗೆ ತಾರೀಖುಗಳನ್ನೂ ಬರೆಯುತ್ತೇನೆ. ಮೊದಲು ನಗದು ಕೊಡುತ್ತಿದ್ದೆ. ಒಮ್ಮೆ ಕೊಟ್ಟೆನೋ ಇಲ್ಲವೋ ಅಂತ ಇಬ್ಬರಿಗೂ ನೆನಪಿಲ್ಲದೆ ಮುಖ ಮುಖ ನೋಡಿಕೊಂಡ ಮೇಲೆ ಬಿಟ್ಟೆ.

ಟೂರ್ನಮೆಂಟ್ ಶುರುವಾದರೆ ಲೆಕ್ಕವೇ ಬೇರೆ. ನಾರ್ತ್ ಅಮೆರಿಕನ್ ಕಪ್ ಅನ್ನೋ ರಾಷ್ಟ್ರಮಟ್ಟದ ಟೂರ್ನಮೆಂಟ್‌ಗೆ ಹೋದಾಗ ಕೋಚ್‌ನ ವಿಮಾನ, ಹೋಟೆಲ್, ಊಟ ಸೇರಿ 950 ಆಯಿತು. ಐದು ಮಕ್ಕಳು, ತಲೆಗೆ 190. ಅದರ ಮೇಲೆ ಸ್ಟ್ರಿಪ್ ಪಕ್ಕ ನಿಲ್ಲುವುದಕ್ಕೆ ದಿನಕ್ಕೆ 75. ಒಬ್ಬ ಹುಡುಗ ಪೂಲ್ ಅನ್ನೋ ಮೊದಲ ಗುಂಪು ಸುತ್ತಿನಲ್ಲೇ ಎಲ್ಲ ಬೌಟ್ (ಪಂದ್ಯ) ಸೋತು ಬೆಳಿಗ್ಗೆ ಹತ್ತಕ್ಕೇ ಹೊರಗೆ ಬಂದ. ಸಂಜೆವರೆಗೆ ಆಡಿದವರ ಸಮ ನಾವ್ಯಾಕೆ ಕೊಡಬೇಕು ಅಂತ ಅವರಪ್ಪನ ಪ್ರಶ್ನೆ. ಅವನು ಸೋತು ಅಳುತ್ತಿದ್ದಾಗ ಹೆಚ್ಚು ಹೊತ್ತು ಜೊತೆಗೆ ಕೂತಿದ್ದವರು ಕೋಚೇ. ಅದನ್ನು ಯಾವ ಕಾಲಂಗೆ ಹಾಕುವುದು? ಈಗ ಟಿಕೆಟ್ ಬುಕ್ ಮಾಡುವ ಮೊದಲೇ ಪಾಲು ತೀರ್ಮಾನ ಆಗುತ್ತದೆ.

ದುಡ್ಡು ಉಳಿಸಲು ಮಾಡಿದ ಉಪಾಯಗಳಲ್ಲಿ ಅರ್ಧ ಕೆಲಸ ಮಾಡಲಿಲ್ಲ. ಪಾಲಕರೆಲ್ಲ ಸೇರಿ ತಿಂಡಿ ಮಾರೋಣ, ಯಾರು ಎಷ್ಟು ಮಾರಿದರೋ ಅಷ್ಟು ಅವರ ಮಗುವಿನ ಲೆಸನ್‌ಗೆ ಜಮಾ ಮಾಡೋಣ ಅಂತ ನಾನೇ ಹೇಳಿದ್ದೆ. ಅಕೌಂಟ್ಸ್ ಗೊತ್ತಿದ್ದ ಒಬ್ಬರು ತಕ್ಷಣ ತಡೆದರು. ತೆರಿಗೆ ವಿನಾಯಿತಿ ಇರುವ ಸಂಘ ಹಾಗೆ ಮಾಡುವಂತಿಲ್ಲ, ಬಂದ ದುಡ್ಡು ಎಲ್ಲ ಮಕ್ಕಳಿಗೂ ಸೇರಬೇಕು. ಜಿಮ್ನಾಸ್ಟಿಕ್ಸ್ ಪಾಲಕರ ಸಂಘವೊಂದು ಇದೇ ಕಾರಣಕ್ಕೆ 2013ರಲ್ಲಿ ಟ್ಯಾಕ್ಸ್ ಕೋರ್ಟಿನಲ್ಲಿ ಸೋತಿದೆಯಂತೆ. ನಡೆದ ಉಪಾಯ ಅಂದರೆ ಬೇಸಿಗೆಯ ಡೇ ಕ್ಯಾಂಪ್. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ, ಮಗಳಿಗೆ 13 ತುಂಬುವವರೆಗೆ ಆ ಕ್ಯಾಂಪ್ ಫೀಸನ್ನು ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಅಂತ ಸಂಬಳದಿಂದ ಎತ್ತಿಡುವ ಆಫೀಸಿನ ಡಿಪೆಂಡೆಂಟ್ ಕೇರ್ ಖಾತೆಯಿಂದ ತೆರಿಗೆ ಇಲ್ಲದೆ ಕಟ್ಟಿದೆವು. ಪ್ರೈವೇಟ್ ಲೆಸನ್‌ಗೆ ಅದು ನಡೆಯದು. ರಾತ್ರಿ ಉಳಿಯುವ ಕ್ಯಾಂಪಿಗೂ ಇಲ್ಲ. ಇನ್ನೊಂದು ಉಳಿತಾಯ ಆಗಸ್ಟ್‌ನದು. ಜುಲೈ ಮುಗಿದರೆ ಸೀಸನ್ ಮುಗಿಯಿತು. ಆ ತಿಂಗಳು ಲೆಸನ್ ಇಲ್ಲ, ಆದರೆ ಸೆಪ್ಟೆಂಬರ್‌ಗೆ 5:40 ನಮಗೇ ಇರಲಿ ಅಂತ ಮೊದಲೇ ಕೇಳಿಟ್ಟುಕೊಳ್ಳುತ್ತೇನೆ.

ಇಷ್ಟು ಖರ್ಚು ಮಾಡಿ ಏನು ಮಾಡ್ತೀರ, ನಮ್ಮಲ್ಲಿ ಇದನ್ನ ಯಾರು ಆಡ್ತಾರೆ ಅಂತ ಅಪ್ಪ ಫೋನಿನಲ್ಲಿ ಕೇಳಿದ್ದರು. ಚೆನ್ನೈನ ಭವಾನಿ ದೇವಿ ಹೆಸರು ಹೇಳಿದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತದ ಮೊದಲ ಫೆನ್ಸರ್, ಮೊದಲ ಬೌಟನ್ನು 15-3ರಲ್ಲಿ ಗೆದ್ದವರು. ಅವರು ಇಟಲಿಗೆ ಹೋಗಿ ಕೋಚ್ ನಿಕೋಲಾ ಝನೋಟ್ಟಿ ಹತ್ತಿರ ಕಲಿತರು. ಬೆನ್ನಿಗೆ ನಿಂತವರಲ್ಲಿ ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಶನ್ನೂ ಒಂದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನಿಮಗೂ ಯಾರಾದ್ರೂ ಕೊಡ್ತಾರಾ?’ ಅಂದರು. ಇಲ್ಲಪ್ಪ, ನಾವು ಅಲ್ಲಿಗೆ ಇನ್ನೂ ಬಹಳ ದೂರ.

ಕಳೆದ ವಾರ ಕೋಚ್ ಮೆಸೇಜ್ ಬಂತು. ಕ್ಲಬ್ ಬಾಡಿಗೆ ಏರಿದೆ, ಫ್ಲೋರ್ ಫೀ 15 ಆಗುತ್ತದೆ, ಹಾಗಾಗಿ ಲೆಸನ್ 50. ಸರಿ ಅಂತ ಬರೆದೆ. ಆಮೇಲೆ ಇನ್ನೊಂದು ಸಾಲು ಸೇರಿಸಿದೆ: ಈ ತಿಂಗಳು ಆಗಿಹೋದ ಮೂರು ಲೆಸನ್ 45ರಲ್ಲೇ ಅಲ್ವಾ?